ರಾಯಲ್ಟಿ ಕೇಳಲು ಹೋದವರು

ಪರದೇಶದಲ್ಲಿ ಮಡಿಕೇರಿಯವನೆಂದು ಹೇಳಿಕೊಳ್ಳಬಾರದು. ಲಂಡನ್ನಿನ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದ ಮೇಲೆ ನನಗೆ ಬಂದ ಬುದ್ಧಿ ಇದು.

ಅಲ್ಲಿನ ಕನ್ನಡಿಗರು ಒಂದು ಭಾನುವಾರ, ಊರಿಂದ ಬಂದಿದ್ದ ಕಾದಂಬರಿಕಾರರೊಬ್ಬರ ಮಾತು ಇಟ್ಟುಕೊಂಡಿದ್ದರು. ಐತಿಹಾಸಿಕ ಕಾದಂಬರಿಗೆ ಹೆಸರಾದವರು, ಮುದ್ರಣದ ಮೇಲೆ ಮುದ್ರಣ ಕಂಡವರು. ಯಾರೆಂದು ಹೇಳುವ ಹಾಗಿಲ್ಲ. ನನ್ನ ಸಂಕಲನಕ್ಕೆ ಅವರ ಮುನ್ನುಡಿ ಇನ್ನೂ ಬರಬೇಕು. ಮಾತೇನೋ ಚೆನ್ನಾಗಿತ್ತು. ಆಮೇಲೆ ಸಂವಾದ. ಪ್ರಶ್ನೆ ಚುಟುಕಾಗಿರಲಿ ಎಂದು ನಿರೂಪಕಿ ಕೈಮುಗಿದು ಕೇಳಿಕೊಂಡರು. ಮೊದಲು ಎದ್ದವರು ತಮ್ಮ ತಾತ ಬರೆಯಬೇಕೆಂದಿದ್ದ ಕಾದಂಬರಿಯ ಕಥೆಯನ್ನು ಆಮೂಲಾಗ್ರ ಹೇಳಿ, ಪ್ರಶ್ನೆ ಕೇಳುವುದನ್ನೇ ಮರೆತು ಕೂತರು. ಎರಡನೆಯವರು, "ಸರ್, ನಿಮ್ಮ ಪುಸ್ತಕ ಓದೋಕೆ ಟೈಮಾಗಿಲ್ಲ, ಆದ್ರೆ ಕೊನೇಲಿ ರಾಜ ಸಾಯ್ಬಾರ್ದಿತ್ತು" ಎಂದರು. ಮೂರನೆಯವರಿಗೆ ಮಕ್ಕಳಿಗೆ ಕನ್ನಡ ಕಲಿಸುವ ದಾರಿ ಬೇಕಿತ್ತು.

ಅಷ್ಟರಲ್ಲಿ ನನ್ನ ಮಗಳು, "ನಮ್ಮಪ್ಪ ಮಡಿಕೇರಿಯವರು" ಎಂದುಬಿಟ್ಟಳು. ಸಭೆ ನನ್ನ ಕಡೆ ತಿರುಗಿತು. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಬಂದದ್ದು 1956ರಲ್ಲಿ. ಅದಕ್ಕೆ 1983ರ ಜ್ಞಾನಪೀಠ ಸಿಕ್ಕ ಮೇಲಂತೂ ಕೊಡಗು ಎಂದರೆ ಕಿತ್ತಳೆಗಿಂತ ಮೊದಲು ಆ ದೊರೆ ನೆನಪಾಗುತ್ತಾನೆ. "ಅಂಕಲ್, ಅವನು ನಿಜವಾಗ್ಲೂ ಅಷ್ಟು ಕೆಟ್ಟವನಾ?" ಹಿಂದಿನ ರಾತ್ರಿ ನಮ್ಮ ಪಕ್ಕದ ಮನೆಯಲ್ಲಿ ಗಲಾಟೆ ಮಾಡಿದವನನ್ನು ವಿಚಾರಿಸಿದ ಹಾಗಿತ್ತು. ಕೋಟೆಯ ಅರಮನೆಗೆ ನಾನು ಹೋದದ್ದೆಲ್ಲ ಅಲ್ಲಿದ್ದ ಸರ್ಕಾರಿ ಕಚೇರಿಯಲ್ಲಿ ಒಂದು ಸಹಿಗಾಗಿ. ಆದರೂ ಗಂಟಲು ಸರಿಮಾಡಿಕೊಂಡು ಕಾಲು ಗಂಟೆ ಮಾತಾಡಿದೆ. ಕಾದಂಬರಿಕಾರರು ನೀರು ಕುಡಿದರು.

ಊರಿನಲ್ಲಾದರೆ ಈ ಧೈರ್ಯ ಬರುತ್ತಿರಲಿಲ್ಲ. ಅಲ್ಲಿ ಕಾದಂಬರಿಯನ್ನೂ ಒಕ್ಕದ, ಅಂದರೆ ಮನೆತನದ, ದಾಖಲೆಯಂತೆ ಓದುವವರಿದ್ದಾರೆ. 2010ರಲ್ಲಿ ಸರಿತಾ ಮಂದಣ್ಣನವರ ಇಂಗ್ಲಿಷ್ ಕಾದಂಬರಿ 'ಟೈಗರ್ ಹಿಲ್ಸ್' ಬಂತು. 1878ರ ಕೊಡಗಿನಲ್ಲಿ ಶುರುವಾಗುವ ಕಥೆ. ಹೊರಗಿನವರು ಅದನ್ನು ಪ್ರೇಮಕಥೆಯೆಂದು ಓದಿದರು. ನಮ್ಮ ಬೀದಿಯ ಹಿರಿಯರೊಬ್ಬರು ಓದಿದ್ದು ತಮ್ಮ ಮನೆ ಹೆಸರು ಎಲ್ಲಾದರೂ ಸಿಕ್ಕೀತೇ ಎಂದು. ಸಿಗಲಿಲ್ಲ. "ಬರೀ ಕಟ್ಟುಕಥೆ" ಎಂದು ಪುಸ್ತಕ ವಾಪಸು ಕೊಟ್ಟರು.

ಲಂಡನ್ನಿನ ಸಭೆ ಮುಗಿದಾಗ ಸೆಲ್ಫಿಗೆ ಉದ್ದನೆಯ ಸಾಲು. ಪಾಪ, ಲೇಖಕರು ಕಾಫಿಪುಡಿಯನ್ನೂ ಬಿಟ್ಟು ಸೂಟ್‌ಕೇಸಿನ ತುಂಬ ಪುಸ್ತಕ ಹೊತ್ತು ತಂದಿದ್ದರು. ಒಬ್ಬ ಹುಡುಗ ಬೆಲೆ ನೋಡಿ, ರೂಪಾಯಿಯನ್ನು ಪೌಂಡಿಗೆ ಇಳಿಸಿ, ಎಷ್ಟು ಅಗ್ಗ ಎಂದು ಖುಷಿಪಟ್ಟು, ಕೊಳ್ಳದೆ ಹೋದ.

ಮರುದಿನ ಅವರನ್ನು ಕೆನ್ಸಲ್ ಗ್ರೀನ್ ಸ್ಮಶಾನಕ್ಕೆ ಕರೆದುಕೊಂಡು ಹೋದೆ. ಚಿಕವೀರ ರಾಜೇಂದ್ರನನ್ನು ಮಣ್ಣು ಮಾಡಿದ್ದು ಅಲ್ಲೇ. 1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿಯಲ್ಲಿದ್ದವನು 1852ರಲ್ಲಿ ಮಗಳು ಗೌರಮ್ಮನ ಜೊತೆ ಲಂಡನ್ನಿಗೆ ಹೋದ. ವಿಕ್ಟೋರಿಯಾ ರಾಣಿ ಆ ಹುಡುಗಿಯ ದೀಕ್ಷಾಸ್ನಾನಕ್ಕೆ ತಾಯಿಯ ಸ್ಥಾನದಲ್ಲಿ ನಿಂತಳು, ತನ್ನ ಹೆಸರನ್ನೇ ಇಟ್ಟಳು. ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಆ ಕಾಲದ ಸೆಲ್ಫಿ ಎನ್ನಿ. ಅಪ್ಪ ಬಂದಿದ್ದು ಮಾತ್ರ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸಿಕ್ಕಿಕೊಂಡಿದ್ದ ಹಣ ಕೇಳಲು. ದಾವೆ ಹೂಡಿದ, ಅಲೆದ, 1859ರಲ್ಲಿ ಅಲ್ಲೇ ತೀರಿಕೊಂಡ. ಕೊಡಗಿನಿಂದ ರಾಯಲ್ಟಿ ಕೇಳಿಕೊಂಡು ವಿಲಾಯಿತಿಗೆ ಹೋದ ಮೊದಲಿಗ ಅವನೇ ಇರಬೇಕು.

ಸ್ಮಶಾನ 72 ಎಕರೆ. ನಮಗೆ ಅಷ್ಟು ಕಾಫಿ ತೋಟವಿದ್ದಿದ್ದರೆ ಲಂಡನ್ನಿನ ಅಳಿಯನನ್ನು ಹುಡುಕುತ್ತಿರಲಿಲ್ಲ. ಎರಡು ಗಂಟೆ ಸುತ್ತಿದರೂ ಸಮಾಧಿ ನಮ್ಮ ಕಣ್ಣಿಗೆ ಬೀಳಲಿಲ್ಲ. ಹನಿ ಶುರುವಾಯಿತು. ಮಡಿಕೇರಿಯವನಿಗೆ ಅದು ಮಳೆಯೇ ಅಲ್ಲ. ಕಾದಂಬರಿಕಾರರು ಓಡಿಹೋಗಿ ಮರದಡಿ ನಿಂತರು.

"ಕೊನೆಗೆ ದೊರೆಗೆ ದುಡ್ಡು ಬಂತೇನ್ರೀ?"

"ಇಲ್ಲ ಸಾರ್."

"ಎಷ್ಟು ವರ್ಷ ಕಾದ?"

"ಏಳು."

ಅವರು ಬೆರಳಲ್ಲಿ ಏನೋ ಎಣಿಸಿದರು. "ನನ್ನ ಪ್ರಕಾಶಕರದ್ದು ಒಂಬತ್ತಾಯ್ತು" ಎಂದರು.