ಎರಡು ವಾಟ್ ಪ್ರತಾಪ

ಕೈಯಲ್ಲಿ ಹಿಡಿದು ಓಡಾಡಬಹುದಾದ ಹೆಚ್ಚು ಶಕ್ತಿಯ ಲೇಸರ್ ಎಂದರೆ, ಬಲ್ಬಿನ ಜಾಗದಲ್ಲಿ ಕಡಲೆಕಾಳಿನಷ್ಟು ದೊಡ್ಡ ಡಯೋಡು ಕೂತಿರುವ, ಅದು ಕೂತ ಮೇಲೆ ದಾರಿ ತೋರಿಸುವ ಕೆಲಸಕ್ಕೆ ರಾಜೀನಾಮೆ ಕೊಟ್ಟಿರುವ ಒಂದು ಟಾರ್ಚು. ಕೋಲಾರ ಜಿಲ್ಲೆಯಲ್ಲಿ ಈ ಟಾರ್ಚು ಸಾಮಾನ್ಯವಾಗಿ ಲೇಸರ್ ಕಟ್ಟುವ ಹವ್ಯಾಸಿಯದಲ್ಲ, ಅವನ ಅಪ್ಪನದು. ಗಟ್ಟಿ ಅಲ್ಯೂಮಿನಿಯಂ ಮೈ, ಒಳಗೆ 18650 ಎಂಬ ಅಂಕಿಯ ಲಿಥಿಯಂ ಸೆಲ್ಲು, ಹಿಂದೆ ಕಟಕಟ ಎನ್ನುವ ಸ್ವಿಚ್ಚು ಇರುವ ಈ ಸಾಮಾನು ರಾತ್ರಿ ತೋಟಕ್ಕೆ ಹೋಗಲು ಕೊಂಡದ್ದು. ವಿಜ್ಞಾನಕ್ಕೆ ಮೊದಲ ಬಲಿ ಅದೇ.

‘ಹೆಚ್ಚು ಶಕ್ತಿ’ ಎಂಬ ಮಾತಿಗೆ ಅರ್ಥ ಹೇಳಬೇಕು. ಹವ್ಯಾಸಿ ಎದೆಯುಬ್ಬಿಸಿ ಹೇಳುವ ಅಂಕಿ ಸಾಮಾನ್ಯವಾಗಿ 2 ಅಥವಾ 3 ವಾಟ್. ಮಲಗುವ ಕೋಣೆಯ ಹಳೆಯ ಜೀರೋ ಬಲ್ಬು, ಹೆಸರಿನಲ್ಲೇ ಸೊನ್ನೆ ಇಟ್ಟುಕೊಂಡರೂ, 12ರಿಂದ 15 ವಾಟ್ ವಿದ್ಯುತ್ ಎಳೆಯುತ್ತದೆ. ಜಾತ್ರೆಯಲ್ಲಿ ಸಿಗುವ ಭೂತಗನ್ನಡಿಯ ಲೆಕ್ಕ ಇನ್ನೂ ಅವಮಾನಕರ. ನಡುಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಸುರಿಯುತ್ತದೆ. ಏಳೂವರೆ ಸೆಂಟಿಮೀಟರ್ ಅಗಲದ ಭೂತಗನ್ನಡಿಯ ಪಾಲಿಗೆ ಅದರಲ್ಲಿ 4 ವಾಟಿಗೂ ಮೇಲೆ ಬರುತ್ತದೆ. ಅಂದರೆ ಮೂರನೇ ಕ್ಲಾಸಿನ ಹುಡುಗ ಕಾಗದ ಸುಡುವ ಯಂತ್ರ, ಡಿಪ್ಲೊಮಾ ಓದುವ ಅವನ ಅಣ್ಣ ಮೂರು ತಿಂಗಳು ಒದ್ದಾಡಿ ಕಟ್ಟಿದ ಯಂತ್ರಕ್ಕಿಂತ ಎರಡರಷ್ಟು ಬಲದ್ದು. ಈ ಲೆಕ್ಕವನ್ನು ಹವ್ಯಾಸಿಯ ಮುಂದೆ ಮಾಡಬಾರದು.

ಹಾಗಿದ್ದರೆ ಲೇಸರಿನ ಹೆಚ್ಚುಗಾರಿಕೆ ಏನು? ಬಲ್ಬಿನ ಬೆಳಕು ಸಂತೆಯಿದ್ದ ಹಾಗೆ. ಪ್ರತಿಯೊಂದು ಪರಮಾಣುವೂ ತನಗೆ ತೋಚಿದಾಗ, ತೋಚಿದ ದಿಕ್ಕಿಗೆ ಕೂಗುತ್ತದೆ. ಲೇಸರಿನ ಬೆಳಕು ಭಜನೆ. ಮುಂದಿನವನು ಎತ್ತಿಕೊಂಡ ಶ್ರುತಿಯಲ್ಲೇ, ಅದೇ ತಾಳಕ್ಕೆ, ಹಿಂದಿನವರೆಲ್ಲ ಸೇರಿಕೊಳ್ಳುತ್ತಾರೆ. ಹೀಗೆ ಒಂದು ಬೆಳಕಿನ ಕಣ ತನ್ನಂಥದೇ ಇನ್ನೊಂದನ್ನು ಕರೆದು ಹೊರಡಿಸಬಲ್ಲದು ಎಂದು 1917ರಲ್ಲಿ ಐನ್‌ಸ್ಟೈನ್ ಕಾಗದದ ಮೇಲೆ ತೋರಿಸಿದರು. ಅದನ್ನು ಮಾಣಿಕ್ಯದ ಕಡ್ಡಿಯೊಂದರಲ್ಲಿ ಮಾಡಿ ತೋರಿಸಿದವರು ಅಮೆರಿಕದ ಥಿಯೊಡೋರ್ ಮೈಮನ್. 1960ರ ಮೇ 16ರಂದು. ಆಗ ಇದಕ್ಕೊಂದು ಕುಚೋದ್ಯದ ಹೆಸರು ಬಿದ್ದಿತ್ತು: ಪರಿಹಾರ ಸಿಕ್ಕಿದೆ, ಸಮಸ್ಯೆಯನ್ನು ಹುಡುಕಬೇಕಾಗಿದೆ. ಮುಂದೆ ಜಗತ್ತಿಗೆ ಸಮಸ್ಯೆಗಳು ಸಾಕಷ್ಟು ಸಿಕ್ಕವು: ಕಣ್ಣಿನ ಚಿಕಿತ್ಸೆ, ಕಬ್ಬಿಣ ಕತ್ತರಿಸುವುದು, ಗಾಜಿನ ಎಳೆಯಲ್ಲಿ ಮಾತು ಸಾಗಿಸುವುದು. ಹವ್ಯಾಸಿ ಮಾತ್ರ ಇನ್ನೂ 1960ರಲ್ಲೇ ಇದ್ದಾನೆ.

ಡಯೋಡಿನ ಮೂಲ ಎರಡು. ಮೊದಲನೆಯದು ಗುಜರಿ ಅಂಗಡಿಯ ಹಳೆಯ ಡಿವಿಡಿ ರೈಟರ್. ಅದರಲ್ಲಿರುವ ಸುಮಾರು 650 ನ್ಯಾನೊಮೀಟರಿನ ಕೆಂಪು ಡಯೋಡು ಒಂದು ವಾಟಿನ ಸಣ್ಣ ಪಾಲನ್ನಷ್ಟೇ ಕೊಡುತ್ತದೆ. ಬೆಂಕಿಕಡ್ಡಿ ಹತ್ತಿಸಲು ಸಾಕು, ನೆಂಟರನ್ನು ಬೆರಗುಗೊಳಿಸಲು ಸಾಲದು. ಎರಡನೆಯದು ಪ್ರೊಜೆಕ್ಟರ್. 2010ರ ಸುಮಾರಿಗೆ ಕ್ಯಾಸಿಯೊ ಕಂಪನಿಯ ಕೆಲವು ಪ್ರೊಜೆಕ್ಟರುಗಳಲ್ಲಿ ನೀಲಿ ಲೇಸರ್ ಡಯೋಡುಗಳು ಬಂದವು. ಒಂದೊಂದೂ ಸುಮಾರು ಒಂದು ವಾಟಿನದು. ಒಂದು ಪ್ರೊಜೆಕ್ಟರ್ ಕೊಯ್ದರೆ ಇಪ್ಪತ್ತನಾಲ್ಕು. ಜಗತ್ತಿನ ಹವ್ಯಾಸಿಗಳು ಅಂದಿನಿಂದ ಪ್ರೊಜೆಕ್ಟರನ್ನು ಹಲಸಿನ ಹಣ್ಣಿನ ಹಾಗೆ ನೋಡಲು ಕಲಿತರು: ಹೊರಗಿನದೆಲ್ಲ ಸಿಪ್ಪೆ, ಒಳಗೆ ತೊಳೆ.

ಈಗ ಬಿಡಿ ಡಯೋಡೇ ಸಿಗುತ್ತದೆ. ಉಳಿದ ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರೋಡು. ಮಾಲೂರಿನವನು ರೈಲು ಹತ್ತುತ್ತಾನೆ, ಕೋಲಾರದವನು ಬಸ್ಸು. ಮುಳಬಾಗಿಲಿನವನು ಅದೇ ಹೆದ್ದಾರಿಯಲ್ಲಿ ಇನ್ನೂ ಹಿಂದಿನಿಂದ ಹೊರಡುತ್ತಾನೆ. ಶ್ರೀನಿವಾಸಪುರದವನು ಮೊದಲು ಕೋಲಾರಕ್ಕೋ ಚಿಂತಾಮಣಿಗೋ ಬಂದು ಆಮೇಲೆ ಬೆಂಗಳೂರಿನ ಯೋಚನೆ ಮಾಡಬೇಕು. ನಾಲ್ವರೂ ಮನೆಯಲ್ಲಿ ಹೇಳಿ ಹೊರಡುವುದು ಒಂದೇ: ಕಾಲೇಜಿನ ಪ್ರಾಜೆಕ್ಟು.

ಪಟ್ಟಿಯಲ್ಲಿ ಮುಖ್ಯವಾದದ್ದು ಡ್ರೈವರ್ ಎಂಬ ಸಣ್ಣ ಸರ್ಕ್ಯೂಟು. ನೀಲಿ ಡಯೋಡಿಗೆ ನಾಲ್ಕು ವೋಲ್ಟಿಗಿಂತ ಸ್ವಲ್ಪ ಮೇಲೆ ಬೇಕು, ಸೆಲ್ಲು ಕೊಡುವುದು 3.7, ಡ್ರೈವರ್ ಅದನ್ನು ಏರಿಸುತ್ತದೆ. ಆದರೆ ಅದರ ನಿಜವಾದ ಕೆಲಸ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿಯುವುದು. ವೋಲ್ಟೇಜು ಕೂದಲೆಳೆಯಷ್ಟು ಹೆಚ್ಚಿದರೆ ಡಯೋಡು ಎಳೆಯುವ ಕರೆಂಟು ದಂಡಿಯಾಗಿ ಹೆಚ್ಚುತ್ತದೆ. ಮದುವೆ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು ‘ಸಾಕು ಸಾಕು’ ಎನ್ನುವ ಸ್ವಭಾವ ಅದಕ್ಕಿಲ್ಲ. ಬಡಿಸಿದಷ್ಟೂ ಉಂಡು, ಎಲೆಯ ಮುಂದೆಯೇ ಪ್ರಾಣ ಬಿಡುತ್ತದೆ. ಬಡಿಸುವವನಿಗೇ ಅಳತೆ ತಿಳಿದಿರಬೇಕು. ಡ್ರೈವರ್ ಎಂದರೆ ಅಳತೆ ತಿಳಿದ ಬಡಿಸುವವ.

ಇನ್ನು ಶಾಖ. ಡಯೋಡಿಗೆ ಹಾಕಿದ ವಿದ್ಯುತ್ತಿನಲ್ಲಿ ಮೂರರಲ್ಲಿ ಒಂದು ಪಾಲು ಬೆಳಕಾದರೆ ಪುಣ್ಯ, ಉಳಿದದ್ದು ಬಿಸಿ. ಆ ದೃಷ್ಟಿಯಿಂದ ಲೇಸರ್ ಎಂಬುದು ಮುಖ್ಯವಾಗಿ ಒಂದು ಸಣ್ಣ ಒಲೆ. ಬಿಸಿಯನ್ನು ಹೀರಲು ಡಯೋಡನ್ನು ತಾಮ್ರದ ತುಂಡಿನಲ್ಲಿ ಒತ್ತಿ ಕೂರಿಸಬೇಕು, ಆ ತುಂಡು ಟಾರ್ಚಿನ ಕೊರಳಿಗೆ ಬಿಗಿಯಾಗಿ ಹೊಂದಬೇಕು. ಇದಕ್ಕೆ ಲೇತ್ ಅಂಗಡಿಯೇ ಗತಿ. ಜಿಲ್ಲೆಯ ಲೇತ್‌ನವರು ಬೋರ್‌ವೆಲ್ ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು ತಿರುವಿ ಪಳಗಿದವರು. ಸಾವಿರ ಅಡಿ ಆಳದ ಪೈಪಿನ ಜೊತೆ ವ್ಯವಹರಿಸುವ ಮನುಷ್ಯನ ಮುಂದೆ ಹೆಬ್ಬೆರಳಿನಷ್ಟು ತಾಮ್ರ ಹಿಡಿದು, ಅದರಲ್ಲಿ 9 ಮಿಲಿಮೀಟರ್ ತೂತು ಕೂದಲಷ್ಟೂ ಹೆಚ್ಚುಕಡಿಮೆ ಆಗಬಾರದು ಎಂದರೆ, ಅವನು ಕೇಳುವ ಮೊದಲ ಪ್ರಶ್ನೆ ‘ಇದು ಯಾವ ಮೋಟ್ರುದಪ್ಪಾ?’ ಮುಳಬಾಗಿಲಿನ ಕಡೆಯಾದರೆ ತೆಲುಗಿನಲ್ಲಿ ‘ಇದೇಮಿರಾ?’ ಉತ್ತರ ಯಾವ ಭಾಷೆಯಲ್ಲೂ ಸುಲಭವಲ್ಲ.

ಜೋಡಣೆಯ ದಿನ ಒಂದು ಡಯೋಡು ಸಾಯುವುದು ವಾಡಿಕೆ. ನೈಲಾನ್ ಚಾಪೆಯ ಮೇಲೆ ಕೂತು ಬೆಸೆದರೆ ಮೈಯ ಸ್ಥಾಯೀ ವಿದ್ಯುತ್ತೇ ಸಾಕು. ಸತ್ತ ಲೇಸರ್ ಡಯೋಡು ಪೂರ್ತಿ ಕತ್ತಲಾಗುವುದಿಲ್ಲ. ಮಂಕಾಗಿ, ಎಲ್ಲ ಕಡೆಗೂ, ಪಾಪದ ಬೆಳಕು ಬೀರುತ್ತದೆ. ಹವ್ಯಾಸಿಗಳ ಭಾಷೆಯಲ್ಲಿ ಇದಕ್ಕೆ ‘ಎಲ್‌ಇಡಿ ಆಯ್ತು’ ಎನ್ನುತ್ತಾರೆ. ಸೂತಕ ಒಂದು ವಾರ. ಆಮೇಲೆ ಮತ್ತೆ ಎಸ್.ಪಿ. ರೋಡು.

ಎರಡನೆಯದು ಉರಿದಾಗ ಪ್ರಯೋಗ ಶುರು. ಬೆಂಕಿಕಡ್ಡಿ, ಕಪ್ಪು ಬಲೂನು, ಕಪ್ಪು ಪ್ಲಾಸ್ಟಿಕ್ ಕವರು ಎಲ್ಲ ಕಡೆ ನಡೆಯುವ ಪ್ರಯೋಗಗಳು. ಕೋಲಾರದ ವಿಶೇಷ ಟೊಮೇಟೊ. ಹಣ್ಣು ಕೆಂಪಗೆ ಕಾಣುವುದು ಅದು ಕೆಂಪನ್ನು ಹಿಂದಕ್ಕೆ ಕಳಿಸುವುದರಿಂದ. ನೀಲಿಯನ್ನು ಅದು ನುಂಗುತ್ತದೆ. ಆದ್ದರಿಂದ ಡಿವಿಡಿಯ ಕೆಂಪು ಕಿರಣಕ್ಕೆ ಜಗ್ಗದ ಟೊಮೇಟೊ, ನೀಲಿ ಕಿರಣಕ್ಕೆ ಚುಯ್ಯೆಂದು ಸಣ್ಣ ಗಾಯ ಮಾಡಿಕೊಳ್ಳುತ್ತದೆ. ಶ್ರೀನಿವಾಸಪುರದ ಮಾವಿನ ಹಣ್ಣಿಗೂ ಇದೇ ಗತಿ. ಅದರ ಹಳದಿಗೆ ಕಾರಣವಾದ ಕ್ಯಾರೊಟಿನ್ ಹೀರುವುದು ಮುಖ್ಯವಾಗಿ 450 ನ್ಯಾನೊಮೀಟರಿನ ಆಸುಪಾಸಿನ ನೀಲಿಯನ್ನೇ. ಮಂಡಿಯಲ್ಲಿ ಬೆಲೆ ಬಿದ್ದ ವಾರ ಟೊಮೇಟೊ ಪ್ರಯೋಗಕ್ಕೆ ಧಾರಾಳವಾಗಿ ಸಿಗುತ್ತದೆ. ಬೆಲೆ ಮುಗಿಲು ಮುಟ್ಟಿದ್ದ 2023ರ ಜುಲೈನಲ್ಲಿ ಅದರ ಮೇಲೆ ಲೇಸರ್ ಹಾಯಿಸುವಷ್ಟು ಶ್ರೀಮಂತರು ಜಿಲ್ಲೆಯಲ್ಲಿ ಯಾರೂ ಇರಲಿಲ್ಲ.

ಈ ಹಂತದಲ್ಲಿ ಅಡುಗೆಮನೆಯಿಂದ ಒಂದು ಪ್ರಶ್ನೆ ಬರುತ್ತದೆ: ‘ಅದರಲ್ಲಿ ಒಂದು ಲೋಟ ಕಾಫಿಯಾದ್ರೂ ಬಿಸಿ ಆಗ್ತದೇನೋ?’ ಪ್ರಶ್ನೆ ಶಾಸ್ತ್ರೀಯವಾದದ್ದು. 100 ಮಿಲಿಲೀಟರ್ ನೀರನ್ನು 25 ಡಿಗ್ರಿಯಿಂದ 95 ಡಿಗ್ರಿಗೆ ಏರಿಸಲು ಸುಮಾರು 29,400 ಜೂಲ್ ಬೇಕು. 2 ವಾಟಿನ ಲೇಸರಿಗೆ ಇದು ನಾಲ್ಕು ಗಂಟೆಗೂ ಮೀರಿದ ಕೆಲಸ, ಅದೂ ಲೋಟ ಒಂದು ಚೂರೂ ಆರದಿದ್ದರೆ. ಸೆಲ್ಲಿನಲ್ಲಿರುವ ವಿದ್ಯುತ್ತೇ ಹೆಚ್ಚುಕಡಿಮೆ 32,000 ಜೂಲ್. ಅದರಲ್ಲಿ ಬೆಳಕಾಗುವುದು ಮೂರರಲ್ಲಿ ಒಂದು ಪಾಲು. ಆದ್ದರಿಂದ ಉತ್ತರ: ಆಗುವುದಿಲ್ಲ.

ಹವ್ಯಾಸಿಗೆ ತಾಳ್ಮೆ ಕಡಿಮೆ. ಬೆಸುಗೆ ಆರುವ ಮೊದಲೇ ಸ್ವಿಚ್ಚು ಒತ್ತುತ್ತಾನೆ. ಇದೇ ಜಿಲ್ಲೆಯಲ್ಲಿ ಬೆಳಕಿಗಾಗಿ ಬೇರೆ ಬಗೆಯಲ್ಲಿ ಕಾದವರೂ ಇದ್ದರು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು ನಿಯಾನ್ ಫ್ಲ್ಯಾಶ್ ಟ್ಯೂಬುಗಳನ್ನು ಸಾಲಾಗಿ ಜೋಡಿಸಿ, ಕ್ಯಾಮೆರಾ ಇಟ್ಟು, ಅವು ಮಿನುಗಲಿ ಎಂದು ತಿಂಗಳುಗಟ್ಟಲೆ ಕಾದರು. 1965ರಲ್ಲಿ ಕೆಲವೇ ಕೆಲವು ಮಿನುಗು ಸಿಕ್ಕವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹನ್ನು ಜಗತ್ತು ಮೊದಲು ಕಂಡದ್ದು ಅಲ್ಲಿ ಮತ್ತು ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ. ಆ ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ನಂಜನಗೂಡಿನವರು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಹವ್ಯಾಸಿ ಕೆಜಿಎಫ್ ಎಂದರೆ ಸಿನಿಮಾ ಎಂದುಕೊಂಡಿರುತ್ತಾನೆ.

ಮುಂದಿನ ಹಂತ ಮಹಡಿ. ಕಿರಣವನ್ನು ಅಂತರಗಂಗೆ ಬೆಟ್ಟದ ಕಡೆ ಹಾಯಿಸಿದರೆ ಚುಕ್ಕೆ ಚುಕ್ಕೆಯಾಗಿ ಉಳಿಯುವುದಿಲ್ಲ. ಒಳ್ಳೆಯ ಲೆನ್ಸು ಇದ್ದರೂ ಕಿಲೋಮೀಟರಿಗೆ ಒಂದೆರಡು ಮೀಟರ್ ಹರಡುತ್ತದೆ. ಗಾಳಿಯಲ್ಲಿ ದೂಳು, ಹೊಗೆ ಇದ್ದಷ್ಟೂ ಕಿರಣ ಚೆನ್ನಾಗಿ ಕಾಣುತ್ತದೆ; ಈ ವಿಷಯದಲ್ಲಿ ಇಟ್ಟಿಗೆ ಗೂಡುಗಳ ಮಾಲೂರು ಜಿಲ್ಲೆಗೇ ಮೊದಲು. ಮೇಲಕ್ಕೆ ಮಾತ್ರ ಎತ್ತಲೇಬಾರದು. ಕೆಂಪೇಗೌಡ ನಿಲ್ದಾಣಕ್ಕೆ ಬರುವ ವಿಮಾನಗಳು ಈ ಆಕಾಶದಲ್ಲೂ ಹಾಯುತ್ತವೆ. ಪೈಲಟ್ಟಿನ ಕಣ್ಣಿಗೆ ಬೆಳಕು ಹಾಯಿಸುವುದು ಅಪರಾಧ, ‘ಕಾಲೇಜಿನ ಪ್ರಾಜೆಕ್ಟು’ ಎಂಬ ಉತ್ತರ ಠಾಣೆಯಲ್ಲಿ ನಡೆಯುವುದಿಲ್ಲ.

ನಗೆ ನಿಲ್ಲಿಸಿ ಹೇಳಬೇಕಾದದ್ದು ಕಣ್ಣಿನ ವಿಷಯ. ಒಂದು ಸಾವಿರಾಂಶ ವಾಟಿನ ಪಾಯಿಂಟರ್ ಕಣ್ಣಿಗೆ ಬಿದ್ದರೆ ರೆಪ್ಪೆ ಕಾಲು ಸೆಕೆಂಡಿನಲ್ಲಿ ಮುಚ್ಚಿ ಕಾಪಾಡುತ್ತದೆ. ಅರ್ಧ ವಾಟ್ ದಾಟಿದ್ದೆಲ್ಲ ನಾಲ್ಕನೆಯ ದರ್ಜೆ, ಅಂದರೆ ಎಲ್ಲಕ್ಕಿಂತ ಅಪಾಯದ್ದು. ಅಲ್ಲಿ ರೆಪ್ಪೆ ಮುಚ್ಚುವ ಮೊದಲೇ ಕೆಲಸ ಮುಗಿದಿರುತ್ತದೆ. ಕಣ್ಣೊಳಗಿನ ಮಸೂರ ಆ ಬೆಳಕನ್ನು ರೆಟಿನಾದ ಮೇಲೆ ಇನ್ನಷ್ಟು ಸಣ್ಣ ಚುಕ್ಕೆಯಾಗಿ ಕೂಡಿಸುತ್ತದೆ; ರೆಟಿನಾಕ್ಕೆ ನೋವು ತಿಳಿಯುವುದಿಲ್ಲ, ಸುಟ್ಟದ್ದು ಮತ್ತೆ ಬೆಳೆಯುವುದಿಲ್ಲ. 2023ರ ಗಣೇಶನ ಮೆರವಣಿಗೆಗಳ ಲೇಸರ್ ದೀಪಗಳಿಂದ ಕಣ್ಣು ಕೆಡಿಸಿಕೊಂಡವರನ್ನು ಮಹಾರಾಷ್ಟ್ರದ ವೈದ್ಯರು ಕಂಡಿದ್ದಾರೆ. ನೇರವಾಗಿ ನೋಡಬೇಕೆಂದೂ ಇಲ್ಲ. ನಮ್ಮ ಮನೆಗಳಲ್ಲಿ ಕೊಡ, ತಟ್ಟೆ, ಲೋಟ, ಡಬ್ಬಿ ಎಲ್ಲ ಸ್ಟೀಲು. ಪಾತ್ರೆ ಸ್ಟ್ಯಾಂಡು ಎಂದರೆ ಲೇಸರಿನ ಪಾಲಿಗೆ ನೂರು ಕನ್ನಡಿ.

ಇದಕ್ಕೆ ಮದ್ದು ಕಿತ್ತಳೆ ಬಣ್ಣದ ಕನ್ನಡಕ. 450 ನ್ಯಾನೊಮೀಟರಿಗೆ ಅದರ ತಡೆಯ ಅಂಕಿ 4 ಇದ್ದರೆ ಹತ್ತು ಸಾವಿರದಲ್ಲಿ ಒಂದು ಪಾಲು ಬೆಳಕಷ್ಟೇ ಒಳಗೆ ಬರುತ್ತದೆ. ಆ ಅಂಕಿ ಅಚ್ಚಾಗಿಲ್ಲದ ಕನ್ನಡಕ ಬರೀ ಬಣ್ಣದ ಪ್ಲಾಸ್ಟಿಕ್ಕು. ಮೊದಲು ಕೊಳ್ಳಬೇಕಾದ ಇದನ್ನು ಹವ್ಯಾಸಿ ಕೊನೆಗೆ ಕೊಳ್ಳುತ್ತಾನೆ, ಕೊಂಡರೂ ಹಾಕುವುದಿಲ್ಲ. ಏಕೆಂದರೆ ಅದನ್ನು ಹಾಕಿದ ಕೂಡಲೇ, ಇಷ್ಟು ಕಷ್ಟಪಟ್ಟು ಹೊರಡಿಸಿದ ನೀಲಿ ಕಿರಣ ಅವನಿಗೇ ಕಾಣದಂತಾಗುತ್ತದೆ.

ಲೇಸರಿನ ಆಯುಷ್ಯ ಸಾಮಾನ್ಯವಾಗಿ ತೋಟಕ್ಕೆ ತ್ರೀ ಫೇಸ್ ಕರೆಂಟು ಬರುವ ರಾತ್ರಿಯವರೆಗೆ. ಪಂಪು ಹಾಕಲು ಅಪ್ಪ ಎದ್ದು ಕತ್ತಲಲ್ಲಿ ಟಾರ್ಚು ತಡಕುತ್ತಾರೆ, ಒತ್ತುತ್ತಾರೆ. ಬದುವಿನ ಮೇಲೆ ಒಂದೇ ಒಂದು ನೀಲಿ ಚುಕ್ಕೆ. ಹಾವೇನಾದರೂ ಇದ್ದರೆ ಅದು ಸರಿಯಾಗಿ ಆ ಚುಕ್ಕೆಯಲ್ಲೇ ಮಲಗಿರಬೇಕು. ಮಾರನೆಯ ದಿನ ಬೆಳಿಗ್ಗೆ ಕಾಫಿಗೆ ಮೊದಲೇ ಡಯೋಡು ಹೊರಬರುತ್ತದೆ, ಬಲ್ಬು ಒಳಗೆ ಕೂರುತ್ತದೆ.