ಕೆನಾಲ್ ದಂಡಿಯ ಮೇಲೆ ಅಳಿಯದೇವರು

ಆ ಸೈಕಲ್ಲಿಗೆ ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಗಂಟೆ ಇಲ್ಲ, ಮಡ್‌ಗಾರ್ಡೂ ಇಲ್ಲ. ಇಷ್ಟೆಲ್ಲ ಇಲ್ಲದ್ದಕ್ಕೇ ಹೈನದ ಎಮ್ಮೆಯ ರೇಟು. ಅದರ ಮೇಲೆ ಬೆಂಗಳೂರಿನ ನನ್ನ ಸೋದರಳಿಯ ಬ್ರೆವೆ ಎಂಬ ದೂರದ ಸವಾರಿ ಮಾಡುತ್ತಾನೆ. 200 ಕಿಲೋಮೀಟರನ್ನು ಹದಿಮೂರೂವರೆ ತಾಸಿನೊಳಗೆ ಮುಗಿಸಬೇಕು. ಮುಗಿಸಿದವರು ಪದಕ ಬೇಕೆಂದರೆ ಅದಕ್ಕೂ ತಾವೇ ರೊಕ್ಕ ಕಟ್ಟಬೇಕು. ಇದು ಓಟದ ಸ್ಪರ್ಧೆಯೋ ಎಂದರೆ ಅದೂ ಅಲ್ಲವಂತೆ.

ಈ ಸಲ ಗೋಕಾಕಕ್ಕೆ ಬಂದವನೇ ಮೊಬೈಲಿನಲ್ಲಿ ಫ್ರಾನ್ಸಿನ ಕನಾಲ್ ದು ಮಿದಿ ತೋರಿಸಿದ. 1681ರ ಕಾಲುವೆ, 240 ಕಿಲೋಮೀಟರ್, ದಂಡೆಗುಂಟ ಗಿಡಗಳ ನೆರಳು, ನೆರಳಿನಲ್ಲಿ ಸೈಕಲ್ ಮೇಲೆ ಮುದುಕ ಮುದುಕಿ.

“ಮಾಮಾ, ನಮ್ಮ ಕೆನಾಲೇನು ಕಡಿಮಿ ಐತಿ? ಧೂಪದಾಳದಿಂದ ಹಿಡದಬಿಡೂಣು.”

ಕಡಿಮೆ ಇಲ್ಲ ನಿಜ. 1897ರಲ್ಲಿ ಧೂಪದಾಳದ ಹತ್ತಿರ ಘಟಪ್ರಭೆಗೆ ಒಡ್ಡು ಹಾಕಿ, ಎಡದಂಡೆಗೆ 71 ಕಿಲೋಮೀಟರ್ ಕಾಲುವೆ ತೆಗೆದದ್ದು. ಹಿಡಕಲ್ಲಿನ 51 ಟಿಎಂಸಿಯ ಆಣೆಕಟ್ಟಿನ ಯೋಜನೆಯಲ್ಲಿ ಅದು 109ಕ್ಕೆ ಹಿಗ್ಗಿತು. ಆದರೆ ಆ ಫ್ರಾನ್ಸಿನ ಹಾದಿ ಕುದುರೆಗಳಿಗೆಂದು ಮಾಡಿದ್ದು. ದೋಣಿಗೆ ಹಗ್ಗ ಬಿಗಿದು ದಂಡೆಯ ಮೇಲಿಂದ ಎಳೆಸುತ್ತಿದ್ದರು. ರೈಲು, ಲಾರಿ ಬಂದು ಸರಕಿನ ದೋಣಿಗಳಿಗೆ ಕೆಲಸ ತಪ್ಪಿತು, ಕುದುರೆಯ ಹಾದಿ ಸೈಕಲ್ಲಿನವರ ಪಾಲಾಯಿತು. ಅಮೆರಿಕದಲ್ಲಿ 1825ರ ಈರೀ ಕಾಲುವೆಯದೂ ಹೆಚ್ಚುಕಡಿಮೆ ಇದೇ ಕತೆ. ನಮ್ಮ ಕೆನಾಲಿಗೆ ಅಂಥ ಪೆನ್ಶನ್ ಎಲ್ಲಿಯದು? ನೂರಿಪ್ಪತ್ತೈದು ದಾಟಿದರೂ ಡ್ಯೂಟಿಯ ಮೇಲಿದೆ. ಪಾಳಿಯ ನೀರು ಒಂದು ದಿನ ತಡವಾದರೆ ಮೂಡಲಗಿಯ ತನಕ ಫೋನು ಬಡಿದಾಡುತ್ತವೆ.

ಹೇಳಿದರೆ ಕೇಳುವ ಮಗನೇ? ಹೊರಟ. ನಾನು ಸ್ಕೂಟರ್ ಮೇಲೆ ಬೆನ್ನು ಹತ್ತಿದೆ. ಅಕ್ಕನಿಗೆ ಜವಾಬು ಕೊಡುವವ ನಾನು.

ಧೂಪದಾಳದಲ್ಲಿ ಹಿನ್ನೀರಿನ ಹಕ್ಕಿಗಳ ಫೋಟೋ ಆಯಿತು. ಅಲ್ಲಿಂದ ಮುಂದೆ ದಂಡೆ ಏರಿದ್ದೇ ತಡ, ಮೊದಲು ಎದುರಾದವು ಪೈಪುಗಳು. ಕಾಲುವೆಯಿಂದ ಹೊಲಕ್ಕೆ ಹಾದಿಯನ್ನು ಅಡ್ಡಹಾಯ್ದು ಮಲಗಿದ ಕರೀ ಪೈಪು. ಒಂದು ದಾಟಿ ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು. ಕೆಲವಕ್ಕೆ ಮಣ್ಣು ಮುಚ್ಚಿರುತ್ತಾರೆ, ಅಧಿಕಾರಿಗಳ ಕಣ್ಣಿಗೆ ಬೀಳಬಾರದಲ್ಲ! ಜೀಪಿನವರಿಗೆ ಕಾಣದ್ದು ಅಳಿಯನ ಸಣ್ಣ ಟಾಯರಿಗೆ ಸರಿಯಾಗಿ ಕಂಡಿತು. ಪೈಪು ಮುಗಿದಲ್ಲಿ ಎಮ್ಮೆ, ಎಮ್ಮೆ ಮುಗಿದಲ್ಲಿ ಒಣಹಾಕಿದ ಕೌದಿ. ಗಂಟೆ ಇಲ್ಲದ್ದರಿಂದ “ಎಕ್ಸ್‌ಕ್ಯೂಸ್ ಮಿ” ಎಂದ. ಎಮ್ಮೆ ತಿರುಗಿ ಕೂಡ ನೋಡಲಿಲ್ಲ.

ಅರಿವೆ ಒಗೆಯುತ್ತಿದ್ದ ಆಯಿಯೊಬ್ಬಳು ಅವನ ಹೆಲ್ಮೆಟ್ಟು, ಬಿಗಿ ಚಡ್ಡಿ ನೋಡಿ ಕೈಯಲ್ಲಿದ್ದ ಸೀರೆ ಬಿಟ್ಟಳು.

“ಯಾವ ದೇವರಿಗೆ ಹರಕಿ ಹೊತ್ತಿಯೋ ತಮ್ಮಾ?”

“ಹರಕಿ ಅಲ್ಲಬೇ, ಸುಮ್ನ ಹೊಂಟೇನಿ.”

“ಸುಮ್ನ ಯಾರರ ಹೊಕ್ಕಾರೇನೋ? ಮದಿವಿ ಗೊತ್ತಾಗವಲ್ದೇನು?”

ಅವಳದೇನೂ ತಪ್ಪಿಲ್ಲ. ಈ ಸೀಮೆಯಲ್ಲಿ ಸೈಕಲ್ ತುಳಿದವರೆಲ್ಲ ಕೆಲಸಕ್ಕೆ ತುಳಿದವರು. ಗೋಕಾಕ ಫಾಲ್ಸ್ ಮಿಲ್ಲಿನ ಪಾಳಿಗೆ ಹೋಗುವವರು, ಹಾಲಿನ ಕ್ಯಾನಿನವರು, 2006ರಲ್ಲಿ ಶುರುವಾದ ಯೋಜನೆಯಲ್ಲಿ ಸರಕಾರಿ ಸೈಕಲ್ ಸಿಕ್ಕ ಎಂಟನೇತ್ತೆಯ ಹುಡುಗಿಯರು. ಸುಮ್ಮನೆ ತುಳಿಯುವುದೆಂದರೆ ಸುಮ್ಮನೆ ನೆಲ ಅಗಿದಂತೆಯೇ.

ಒಂದು ಮಾತ್ರ ಒಪ್ಪಬೇಕು, ಏರು ಇಲ್ಲ. ಕಾಲುವೆ ತೆಗೆದವರು ಇಳಿಜಾರನ್ನು ಜಿಪುಣರ ಹಾಗೆ ಖರ್ಚು ಮಾಡಿದ್ದಾರೆ. ಬೇಗ ಇಳಿಸಿಬಿಟ್ಟರೆ ಮುಂದಿನ ಹೊಲ ನೀರಿಗಿಂತ ಎತ್ತರಕ್ಕೆ ಉಳಿಯುತ್ತದಲ್ಲ, ಅದಕ್ಕೇ ದಿನ್ನೆಗಳನ್ನು ಸುತ್ತಿ ಬಳಸಿ ನೀರನ್ನು ಒಯ್ದದ್ದು. ಎದುರಿಗೇ ಕಾಣುವ ಊರು ಮುಟ್ಟಲು ಕೆನಾಲ್ ಹಿಡಿದವನು ಇನ್ನೆರಡು ಊರಿನ ದನ ಎಣಿಸಿ ಬರಬೇಕು. ಮತ್ತೆ, ಹೋಗುವಾಗ ಇಳಿಜಾರು ತಿಳಿಯದಿದ್ದರೂ ಬರುವಾಗ ತೊಡೆಗೆ ತಿಳಿಯುತ್ತದೆ.

ಅರಭಾವಿ ದಾಟಿದ ಮೇಲೆ ಅಂಗಿಯ ಬೆನ್ನಕಿಸೆಯಿಂದ ವಿದೇಶದ ಶಕ್ತಿಬಾರು ತೆಗೆದ. ಕಚ್ಚಿ ನೋಡಿದೆ, ಸಿಹಿ ಕಟ್ಟಿಗೆ. ನಾನು ಡಿಕ್ಕಿಯಿಂದ ಕರದಂಟು ತೆಗೆದೆ. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ. ಬಾಣಂತಿಯನ್ನು ಎಬ್ಬಿಸಿ ನಿಲ್ಲಿಸುವ ಮಾಲು, ಸೈಕಲ್ಲಿನವನು ಯಾವ ಲೆಕ್ಕ? ತುಣುಕು ಬಾಯಿಗೆ ಹಾಕಿಕೊಂಡ ಅಳಿಯ ಹತ್ತು ನಿಮಿಷ ಇಂಗ್ಲಿಷ್ ಮರೆತ. ಪದಕದ ಬದಲು ಇದನ್ನೇ ಕೊಟ್ಟರೆ ಬ್ರೆವೆಗೆ ಗೋಕಾಕದ ಅರ್ಧ ಮಂದಿ ಬಂದಾರು.

ಮೂಡಲಗಿ ಕಡೆಗೆ ಮೋಡ ಮುಸುಕಿ ನಾಲ್ಕು ಹನಿ ಬಿತ್ತು. ಎರಿಮಣ್ಣಿಗೆ ಅಷ್ಟು ಸಾಕು. ಟಾಯರು ದಪ್ಪಗಾಗುತ್ತ ಗಾಲಿ ಫೋರ್ಕಿನಲ್ಲಿ ಸಿಕ್ಕಿ ನಿಂತಿತು. ಕಡ್ಡಿಯಿಂದ ಕೆರೆದು ತೆಗೆದರೆ ಕೆಳಗೆ ಜಾಲಿಮುಳ್ಳು, ಬುಡತನಕ ಇಳಿದಿತ್ತು. ಪಂಕ್ಚರ್ ಕಿಟ್ಟು ಇತ್ತು, ತೆಗೆಯುವ ಉಮೇದು ಇರಲಿಲ್ಲ. ಕಾರ್ಖಾನೆಗೆ ಕಬ್ಬು ಸುರುವಿ ಬರಿದಾಗಿ ಬರುತ್ತಿದ್ದ ಟ್ರ್ಯಾಕ್ಟರಿಗೆ ಕೈ ಮಾಡಿದೆವು. ಡ್ರೈವರ್ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ಟ್ರೇಲರಿಗೆ ಇಟ್ಟ.

“ಏನ್ರೀ ಅಣ್ಣಾರ, ಇದರಾಗ ಏನೂ ಇಲ್ಲಲ್ರೀ!”

ಮನೆಗೆ ಬಂದು ಜಳಕ ಮಾಡಿ, ನಾಲ್ಕು ರೊಟ್ಟಿ ಇಳಿಸಿದ ಮೇಲೆ ಅಳಿಯದೇವರಿಗೆ ಮತ್ತೆ ಜೀವ ಬಂತು. ಬಲದಂಡೆಯ ಕಾಲುವೆ ಎಷ್ಟು ಉದ್ದ ಎಂದು ಕೇಳಿದ. 202 ಕಿಲೋಮೀಟರ್ ಎಂದೆ.

“ಅಂದ್ರ ಸರಿಯಾಗಿ ಒಂದು ಬ್ರೆವೆ!” ಎಂದು ಕುಣಿದ. ಮುಂದಿನ ಸುಗ್ಗಿಗೆ ಬರುತ್ತಾನಂತೆ. ಟ್ರ್ಯಾಕ್ಟರಿನವನ ನಂಬರನ್ನು ಆಗಲೇ ಸೇವ್ ಮಾಡಿಕೊಂಡಿದ್ದಾನೆ.