ಕಳ್ಳಾಟ ಮೀಮಾಂಸೆ: ಕ್ಯಾಸೆಟ್ ಯುಗದ ಒಂದು ವಿವೇಚನೆ

ವಿಡಿಯೋ ಗೇಮಿನ ಕಳ್ಳಾಟವನ್ನು ಶಾಸ್ತ್ರೀಯವಾಗಿ ವಿವೇಚಿಸಬೇಕಾದರೆ, ಮೋಸ ಮಾಡಿದವರು ಯಾರು, ಮೋಸಹೋದವರು ಯಾರು ಎಂಬುದನ್ನು ಮೊದಲು ನಿರ್ಣಯಿಸಬೇಕಾಗುತ್ತದೆ. ಗೋಲಿಯಾಟದಲ್ಲಿ ಗೇಣನ್ನು ಹಿಗ್ಗಿಸಿ ಅಳೆದವನಿಗೆ ಎದುರಾಳಿಯೊಬ್ಬನಿರುತ್ತಾನೆ. ಟಿವಿಯ ಮುಂದೆ ಒಬ್ಬನೇ ಕುಳಿತ ಹುಡುಗ ಯಾರ ಕಣ್ಣಿಗೆ ಮಣ್ಣೆರಚುತ್ತಾನೆ ಎಂಬುದಕ್ಕೆ ಪ್ರಾಚೀನ ಶಾಸ್ತ್ರಕಾರರಲ್ಲಿ ಉತ್ತರವಿಲ್ಲ. ಅಸಲಿ ಎಂಬ ವಸ್ತುವೇ ಅಪರೂಪವಾಗಿದ್ದ ಬೆಂಗಳೂರು ಗ್ರಾಮಾಂತರ ಜಿಲ್ಲೆ, ವಿಶೇಷತಃ ದೊಡ್ಡಬಳ್ಳಾಪುರ, ಇಂಥ ಅಧ್ಯಯನಕ್ಕೆ ಹೇಳಿ ಮಾಡಿಸಿದ ಕ್ಷೇತ್ರವಾಗಿದೆ.

ತೊಂಬತ್ತರ ದಶಕದಲ್ಲಿ ನಮ್ಮ ಸಣ್ಣ ಊರುಗಳಿಗೆ ಬಂದ ಆಟದ ಯಂತ್ರವು ಬಹುಮಟ್ಟಿಗೆ, ಜಪಾನಿನ ನಿಂಟೆಂಡೊ ಕಂಪನಿಯು 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಮೂಲದ ಅನಾಮಧೇಯ ನಕಲುಪ್ರತಿಯಾಗಿತ್ತು. ಆಟವನ್ನು ಚಿಪ್‌ನಲ್ಲಿ ಹೊತ್ತು ಆ ಯಂತ್ರದ ನೆತ್ತಿಯ ಮೇಲೆ ಕೂರುವ ಪ್ಲಾಸ್ಟಿಕ್ ಡಬ್ಬಿಯೇ ಕ್ಯಾಸೆಟ್. ಅದೂ ನಕಲು, ಅದರ ಮೇಲಿನ ಬರಹವೋ ‘9999999 ಇನ್ 1’. ಆಟವೊಂದಕ್ಕೆ ಒಂದೇ ನಿಮಿಷವೆಂದು ಲೆಕ್ಕ ಹಿಡಿದರೂ, ಊಟ ನಿದ್ದೆ ಬಿಟ್ಟು ಕುಳಿತವನಿಗೆ ಮುಗಿಸಲು 19 ವರ್ಷ ಹಿಡಿಯುವ ಈ ಭಂಡಾರದಲ್ಲಿ ವಸ್ತುತಃ ಇರುತ್ತಿದ್ದುದು ಬೆರಳೆಣಿಕೆಯ ಆಟಗಳು; ಉಳಿದವು ಅವೇ ಆಟಗಳನ್ನು, ನಡುವಿನ ಯಾವುದೋ ಹಂತದಿಂದಲೋ ಹೆಚ್ಚಿನ ಲೈಫುಗಳೊಂದಿಗೋ ಶುರುವಾಗುವಂತೆ ನಕಲುಗಾರರು ತಿದ್ದಿ, ಪಟ್ಟಿಯಲ್ಲಿ ಮತ್ತೆ ಮತ್ತೆ ಸೇರಿಸಿದ ಪ್ರತಿಗಳು. ಹುಡುಗ ಕಳ್ಳಾಟಕ್ಕೆ ಕೈಹಾಕುವ ಮೊದಲೇ ಯಂತ್ರದ್ದು, ಕ್ಯಾಸೆಟ್ಟಿನದು, ಸಂಖ್ಯೆಯದು ಎಂದು ಮೂರು ಕಳ್ಳಾಟಗಳು ಮುಗಿದಿದ್ದು, ನಾಲ್ಕನೆಯದರ ಸಾಮಗ್ರಿಯನ್ನೂ ಅಂಗಡಿಯವನೇ ಅದೇ ಬೆಲೆಯಲ್ಲಿ ಒದಗಿಸಿರುತ್ತಿದ್ದನು.

ಈ ತಿದ್ದುಪಡಿಯ ತತ್ತ್ವವು ದೊಡ್ಡಬಳ್ಳಾಪುರದ ನೇಕಾರರಿಗೆ ಹೊಸದಲ್ಲ. ಪವರ್‌ಲೂಮಿನ ಮೇಲೆ ಕುಳಿತ ಜಕಾರ್ಡ್, ಅಂದರೆ ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಸಾಧನವು, ರಟ್ಟಿನ ಕಾರ್ಡಿನಲ್ಲಿ ತೂತಿದ್ದಲ್ಲಿ ಹಾಸಿನ ಎಳೆಯನ್ನೆತ್ತಿ, ತೂತಿಲ್ಲದಲ್ಲಿ ಬಿಟ್ಟು, ಸೆರಗಿನ ಮೇಲೆ ನವಿಲನ್ನು ಮೂಡಿಸುತ್ತದೆ. ಕ್ಯಾಸೆಟ್ಟಿನ ಚಿಪ್ಪೂ ಇಂಥ ಇದೆ–ಇಲ್ಲಗಳ ಸರಮಾಲೆಯೇ. ಬ್ರಿಟನ್ನಿನ ಕೋಡ್‌ಮಾಸ್ಟರ್ಸ್ ರೂಪಿಸಿ, ಅಮೆರಿಕದಲ್ಲಿ ಗಲೂಬ್ ಕಂಪನಿ ಮಾರಿದ ಗೇಮ್ ಜೀನಿ ಎಂಬ ಉಪಕರಣವು ಯಂತ್ರಕ್ಕೂ ಕ್ಯಾಸೆಟ್ಟಿಗೂ ನಡುವೆ ನುಸುಳಿ, ‘ಲೈಫು ಎಷ್ಟು’ ಎಂದು ಯಂತ್ರ ಕೇಳಿದಾಗ ಕ್ಯಾಸೆಟ್ಟಿಗಿಂತ ಮೊದಲು ತಾನೇ ಉತ್ತರ ಹೇಳುತ್ತಿತ್ತು. ಕಾರ್ಡಿಗೆ ಹೊಸ ತೂತು ಹೊಡೆಯದೆ, ಅದು ಹಾದುಹೋಗುವಾಗ ಇರುವ ತೂತನ್ನು ಬೆರಳಿನಿಂದ ಮುಚ್ಚುವ ವಿದ್ಯೆಯಿದು. ನಿಂಟೆಂಡೊ ಕೋರ್ಟಿನಿಂದ ತಡೆಯಾಜ್ಞೆ ತಂದಿತಾದರೂ, ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 1992ರಲ್ಲಿ ಇದರಿಂದ ಹೊಸ ಕೃತಿಯೇನೂ ಹುಟ್ಟುವುದಿಲ್ಲವೆಂದು ಗಲೂಬ್ ಪರವಾಗಿ ನಿಂತದ್ದರಿಂದ, ಮಾರಾಟ ನಿಂತಿದ್ದ ಅವಧಿಯ ನಷ್ಟಕ್ಕಾಗಿ ನಿಂಟೆಂಡೊವೇ 1.5 ಕೋಟಿ ಡಾಲರ್ ತೆರಬೇಕಾಯಿತು. ಕಳ್ಳಾಟವನ್ನು ತಡೆಯಹೋದವನೇ ದಂಡ ಕಟ್ಟಿದ ಪ್ರಸಂಗ ನ್ಯಾಯಶಾಸ್ತ್ರಕ್ಕೆ ಅಪರೂಪವಿರಬಹುದು, ಹಳ್ಳಿಯ ಪಂಚಾಯ್ತಿಗೆ ಅಲ್ಲ.

ಇಂಥ ಉಪಕರಣವಿಲ್ಲದವರ ಪೈಕಿ, ಡಕ್ ಹಂಟ್ ಎಂಬ ಬಾತುಬೇಟೆಯ ಆಟದಲ್ಲಿ, ಪರದೆಯ ಬೆಳಕನ್ನು ಗುರುತಿಸುವ ಆಟದ ಪಿಸ್ತೂಲನ್ನು ಬಲ್ಬಿನತ್ತ ಹಿಡಿದು ಯಂತ್ರವನ್ನು ಏಮಾರಿಸುವ ಯತ್ನ ನಿಷ್ಫಲ. ಪಿಸ್ತೂಲು ಮೊದಲು ಕತ್ತಲನ್ನೂ ಅನಂತರ ಬೆಳಕನ್ನೂ ಕಂಡರೆ ಮಾತ್ರ ಹಕ್ಕಿ ಬೀಳುತ್ತದೆ. ನಳಿಗೆಯನ್ನು ಟಿವಿಯ ಗಾಜಿಗೇ ಒತ್ತಿಹಿಡಿಯುವ ಮಾರ್ಗ ಮಾತ್ರ ಸರ್ವತ್ರ ಸಿದ್ಧಿಸಿದೆ.

ಇನ್ನು ಮಂತ್ರಭಾಗ. ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೊಟೊ, 1986ರಲ್ಲಿ ಗ್ರೇಡಿಯಸ್ ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುವಾಗ ಅದನ್ನು ಪರೀಕ್ಷಿಸಲು ತನಗೇ ಕಷ್ಟವಾಗಿ, ತಾನು ಕಟ್ಟಿದ ಕೋಟೆಗೆ ತಾನೇ ಒಂದು ದಿಡ್ಡಿ ಬಾಗಿಲನ್ನು ಇಟ್ಟುಕೊಂಡನು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂಬ ಈ ದಶಪದಿಯು 1988ರ ಕಾಂಟ್ರಾದಲ್ಲಿ 3 ಲೈಫುಗಳನ್ನು 30 ಮಾಡಿ ದಶಗುಣ ಫಲವನ್ನು ನೀಡಿತು. ಬೇಸಿಗೆ ರಜೆಗೆ ಬಂದ ದೊಡ್ಡಪ್ಪನ ಮಕ್ಕಳ ಬಾಯಿಯಿಂದ ಬಾಯಿಗೆ ಹರಡಿದ ಕಾರಣ ಇದರಲ್ಲಿ ಪಾಠಾಂತರಗಳುಂಟು: ಒಂದರಲ್ಲಿ ಕೊನೆಗೆ ‘ಸ್ಟಾರ್ಟ್’ ಮಾತ್ರ, ಇನ್ನೊಂದರಲ್ಲಿ ‘ಸೆಲೆಕ್ಟ್, ಸ್ಟಾರ್ಟ್’. ‘ಸೆಲೆಕ್ಟ್’ ಪ್ರಕ್ಷಿಪ್ತವೆಂಬ ವಾದ ನಿಲ್ಲುವುದಿಲ್ಲ. ಅದು ಇಬ್ಬರ ಆಟವನ್ನು ಆರಿಸುವ ಗುಂಡಿಯಾದ್ದರಿಂದ, ಅದನ್ನು ಬಿಟ್ಟು ಪಠಿಸಿದ ಅಣ್ಣನಿಗೆ 30 ಲೈಫು ದಕ್ಕಿದರೆ ತಮ್ಮನಿಗೆ ಒಂದೂ ದಕ್ಕದು. ಆದಕಾರಣ ಇದು ಪಾಠಭೇದವಲ್ಲ, ದಾಯಭಾಗದ ತಕರಾರು.

ಯಂತ್ರಕ್ಕೆ ಮೋಸವಾಯಿತೆಂದು ಯಂತ್ರ ದೂರಿದ ದಾಖಲೆಯಿಲ್ಲ. ಒಬ್ಬರೇ ಆಡುವ ಆಟ ಹಾಕಿ, ಎರಡನೆಯ ರಿಮೋಟಿನ ವೈರು ಸಿಕ್ಕಿಸದೆಯೇ ಅದನ್ನು ತಮ್ಮನ ಕೈಗಿತ್ತು, ‘ನೀನೇ ಆಡ್ತಿದೀಯ ಕಣೋ, ಒತ್ತು’ ಎಂದು ಅಣ್ಣ ನಂಬಿಸುವ ಕ್ರಮವೊಂದೇ ಲಕ್ಷಣಬದ್ಧ ಕಳ್ಳಾಟ. ಅದರ ಮೊಕದ್ದಮೆಗಳು ಮಾತ್ರ, ಅಜ್ಜಿಗೆ ಧಾರಾವಾಹಿ ನೋಡುವ ಹೊತ್ತಾದ ಕಾರಣ, ಉಭಯ ಪಕ್ಷಗಳ ವಾದವನ್ನೂ ಆಲಿಸದೆ ವಜಾ ಆಗುತ್ತಿದ್ದವು.